ಗೋವಿನಜೋಳದ ಬೀಜಕ್ಕೆ ಗಾಳಿಯಾಡದ ಚೀಲ: ಒಂದು ವರ್ಷ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಚೀಲ ಚೆನ್ನಾಗಿದೆ, ಈ ವರ್ಷವೂ ಅದರಲ್ಲೇ ಬೀಜ ಇಡುತ್ತೇನೆ. ಆದರೆ ಕಳೆದ ವರ್ಷ ಏಳು ಚೀಲ ತುಂಬಿದ್ದರಲ್ಲಿ ಒಂದು ಚೀಲದ ಬೀಜ ಹೆಚ್ಚುಕಡಿಮೆ ಪೂರ್ತಿ ಸತ್ತು ಹೋಯಿತು, ಐವತ್ತು ಕೆಜಿ. ಆ ತಪ್ಪು ಚೀಲದ್ದಲ್ಲ, ನನ್ನದು. ಅದು ಯಾಕೆ ಹಾಗಾಯಿತು ಅನ್ನೋದನ್ನು ಬಿಟ್ಟು ಸುಮ್ನೆ "ಚೆನ್ನಾಗಿದೆ, ತಗೊಳ್ಳಿ" ಅಂತ ಬರೆದರೆ ಓದಿದವರೂ ಅದೇ ತಪ್ಪು ಮಾಡುತ್ತಾರೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆ, ಬ್ಯಾಡಗಿ ತಾಲೂಕು. ನಾಲ್ಕು ಎಮ್ಮೆ, ಎರಡು ಆಕಳು. ಅವುಗಳ ಮೇವಿಗೆ ಆಫ್ರಿಕನ್ ಟಾಲ್ ಗೋವಿನಜೋಳ ಬಿತ್ತುತ್ತೇವೆ. ಅದು ಹೈಬ್ರಿಡ್ ಅಲ್ಲ, ಹಾಗಾಗಿ ನಮ್ಮ ಹೊಲದ ಬೀಜವನ್ನೇ ಇಟ್ಟುಕೊಂಡು ಮುಂದಿನ ವರ್ಷ ಬಿತ್ತಬಹುದು. ಮೇವಿಗಾದರೆ ಎಕರೆಗೆ 30 ಕೆಜಿ ಬೀಜ ಹೋಗುತ್ತದೆ. ಮುಂಗಾರಿಗೆ ಒಮ್ಮೆ, ಹಿಂಗಾರಿಗೆ ಒಮ್ಮೆ, ಬೋರಿನಲ್ಲಿ ನೀರಿದ್ದರೆ ಬೇಸಿಗೆಗೆ ಇನ್ನೊಮ್ಮೆ. ಅಣ್ಣತಮ್ಮಂದಿರ ಮನೆ, ಬೀಗರ ಮನೆ ಎಲ್ಲ ಸೇರಿ ವರ್ಷಕ್ಕೆ ನಾಲ್ಕೂವರೆ ಕ್ವಿಂಟಲ್ ಬೀಜ ಬೇಕು, ಅದಕ್ಕೆ ಅಂತಲೇ ಅರ್ಧ ಎಕರೆ ಬಿಟ್ಟಿದ್ದೇನೆ. ಸುತ್ತಮುತ್ತ ಎಲ್ಲ ಹೈಬ್ರಿಡ್ ಇರೋದರಿಂದ ಪರಾಗ ಬೆರೆಯಬಾರದು ಅಂತ ನಾನು ಉಳಿದವರಿಗಿಂತ 25 ದಿನ ತಡ ಮಾಡಿ ಬಿತ್ತುತ್ತೇನೆ. ಹಾಗಾಗಿ ನನ್ನ ಕಟಾವು ಸರಿಯಾಗಿ ಸ್ವಾತಿ ಮಳೆಯ ಹೊತ್ತಿಗೆ ಬರುತ್ತದೆ. ತೊಂದರೆ ಶುರುವಾಗೋದೇ ಅಲ್ಲಿಂದ.

ಚೀಲ ತರೋದಕ್ಕೆ ಹಿಂದಿನ ವರ್ಷ ಏನಾಯಿತು ಅಂದರೆ, ತೆನೆ ಮುರಿದ ವಾರವೇ ಮೋಡ ಹಿಡಿಯಿತು, ಒಣಗಿದ್ದು ಸಾಕು ಅಂತ ತಟ್ಟಿನ ಚೀಲಕ್ಕೆ ತುಂಬಿ ಒಳಕೋಣೆಯ ಗೋಡೆಗೆ ಒರಗಿಸಿಟ್ಟೆವು. ರೋಹಿಣಿ ಮಳೆಗೆ ಬಿತ್ತೋಣ ಅಂತ ಬಿಚ್ಚಿ ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು. ಗೋಡೆ ಕಡೆಯ ಬೀಜ ಒಂದಕ್ಕೊಂದು ಅಂಟಿ ಹೆಂಟೆಯಾಗಿತ್ತು. ಕೈಯಲ್ಲಿ ಮುರಿದರೆ ಹಸಿರು ಪುಡಿ ಹಾರಿತು. ಒಳ್ಳೆಯದು ಅನ್ನಿಸಿದ್ದನ್ನು ಆರಿಸಿ ಬಿತ್ತಿದೆವು, ಅರ್ಧ ಮೊಳೆಯಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಅಂದರೆ ಉಳಿದ ಬೂಷ್ಟು ಹಿಡಿದ ಕಾಳನ್ನು ಬಿಸಾಡೋಕೆ ಮನಸ್ಸು ಬಾರದೆ ನುಚ್ಚು ಒಡೆಸಿ ಎಮ್ಮೆಗೆ ಹಾಕಿದ್ದು. ಎರಡು ವಾರದಲ್ಲಿ ಎರಡು ಎಮ್ಮೆ ಮೇವು ಬಿಟ್ಟವು, ಹಾಲು ಇಳಿಯಿತು. ಡಾಕ್ಟರು ಬಂದು ನೋಡಿದವರೇ ಮೊದಲು ಆ ನುಚ್ಚು ನಿಲ್ಲಿಸಿ ಅಂದರು.

ಆಮೇಲೆ ಇದರ ಬಗ್ಗೆ ಓದಿದೆ, ಕೇಳಿದೆ. ಆ ಹಳದಿ ಹಸಿರು ಪುಡಿಯ ಬೂಷ್ಟು ಆಸ್ಪರ್ಜಿಲಸ್ ಫ್ಲೇವಸ್ ಅನ್ನೋ ಶಿಲೀಂಧ್ರ. ಅದು ಅಫ್ಲಾಟಾಕ್ಸಿನ್ ಅನ್ನೋ ವಿಷ ಮಾಡುತ್ತದೆ, ಲಿವರ್ ಕ್ಯಾನ್ಸರ್ ತರುವ ವಿಷ ಅದು. ಬೇಯಿಸಿದರೆ, ಹುರಿದರೆ ಹೋಗುವಂಥದ್ದಲ್ಲ. ನಮ್ಮ ದೇಶದ ಆಹಾರ ಸುರಕ್ಷತೆ ನಿಯಮದಲ್ಲಿ ಕಾಳಿಗೆ ಕೆಜಿಗೆ 15 ಮೈಕ್ರೋಗ್ರಾಂಗಿಂತ ಜಾಸ್ತಿ ಇರಬಾರದು. ದನ ಇಂಥ ಕಾಳು ತಿಂದರೆ ವಿಷದ ಒಂದು ಪಾಲು ರೂಪ ಬದಲಿಸಿಕೊಂಡು ಒಂದೇ ದಿನದಲ್ಲಿ ಹಾಲಿಗೆ ಬರುತ್ತದೆ. ಹಾಲಿಗಂತೂ ಮಿತಿ ಇನ್ನೂ ಕಡಿಮೆ, ಕೆಜಿಗೆ 0.5 ಮೈಕ್ರೋಗ್ರಾಂ. ಆ ಹಾಲು ನಮ್ಮ ಮಕ್ಕಳೂ ಕುಡಿದಿದ್ದಾರೆ, ಡೇರಿಗೂ ಹೋಗಿದೆ. ಅದು ಗೊತ್ತಾದ ದಿನ ನನಗೆ ನಿದ್ದೆ ಬರಲಿಲ್ಲ. ದಯವಿಟ್ಟು ಬೂಷ್ಟು ಹಿಡಿದ ಕಾಳನ್ನು ದನಕ್ಕೂ ಹಾಕಬೇಡಿ, ಕೋಳಿಗೂ ಹಾಕಬೇಡಿ.

ಇನ್ನು ಚೀಲದ ವಿಷಯ. ಧಾರವಾಡ ಕೃಷಿ ಮೇಳದಲ್ಲಿ ಮೊದಲ ಸಲ ನೋಡಿದ್ದು, ಆಮೇಲೆ ಹುಬ್ಬಳ್ಳಿಯಲ್ಲಿ ಒಂದು ಅಂಗಡಿಯಿಂದ ಎಂಟು ತಂದೆ. 50 ಕೆಜಿ ಹಿಡಿಯುವ ಒಂದು ಚೀಲಕ್ಕೆ 180 ರೂಪಾಯಿ. ನೋಡೋಕೆ ದಪ್ಪ ಪ್ಲಾಸ್ಟಿಕ್ ಕವರಿನ ಹಾಗೇ ಇದೆ, ಆದರೆ ಪದರ ಪದರವಾಗಿ ಮಾಡಿರೋದರಿಂದ ಗಾಳಿ, ನೀರಿನ ಆವಿ ಎರಡೂ ಸುಲಭಕ್ಕೆ ದಾಟೋದಿಲ್ಲ. ಅದನ್ನು ಮಾಮೂಲಿ ಗೊಬ್ಬರದ ಚೀಲದ ಒಳಗೆ ಇಟ್ಟು ಬೀಜ ತುಂಬಬೇಕು. ಬಾಯಿ ಬಿಗಿಯಾಗಿ ಕಟ್ಟಿದ ಮೇಲೆ ಒಳಗಿರುವ ಹುಳ, ಬೂಷ್ಟು, ಬೀಜ ಎಲ್ಲ ಉಸಿರಾಡಿ ಇದ್ದ ಆಮ್ಲಜನಕ ಖಾಲಿ ಮಾಡುತ್ತವೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳ ಸಾಯುತ್ತದೆ, ಬೂಷ್ಟು ಬೆಳೆಯೋದು ನಿಲ್ಲುತ್ತದೆ. ಔಷಧ ಇಲ್ಲ, ಹುಳ ಕೊಲ್ಲೋ ಗುಳಿಗೆ ಇಲ್ಲ. ಇದೇ ತತ್ವದ ಚೀಲವನ್ನು 1980ರ ದಶಕದ ಕೊನೆಯಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕಾದ ಕ್ಯಾಮರೂನ್‌ನಲ್ಲಿ ಅಲಸಂದಿ ಕಾಳಿಗೆ ಅಂತ ಮಾಡಿದ್ದರಂತೆ.

ನಮ್ಮ ದೊಡ್ಡಪ್ಪ ಚೀಲವನ್ನು ತಿರುವಿ ಮುರುವಿ ನೋಡಿ, "ಇದು ನಮ್ಮ ಹಗೇವು ಐತೆಲ್ಲೋ ತಮ್ಮಾ, ಮಣ್ಣಿನ ಬದಲಿ ಪ್ಲಾಸ್ಟಿಕ್ ಅಷ್ಟ" ಅಂದರು. ಅವರು ಹೇಳಿದ್ದು ನಿಜ. ಹಿಂದೆ ಊರೊಳಗೆ ನೆಲ ಅಗೆದು, ಸುತ್ತ ಹುಲ್ಲು ಹಾಸಿ, ಬಿಳಿಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಲ್ಲ, ಅಲ್ಲೂ ಹುಳ ಸಾಯುತ್ತಿದ್ದದ್ದು ಗಾಳಿ ಇಲ್ಲದೆಯೇ. ಹಗೇವು ತೆಗೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು, ದೀಪ ಆರಿದರೆ ಇನ್ನೂ ಹೊತ್ತು ಕಾಯುತ್ತಿದ್ದರು. ದೊಡ್ಡಪ್ಪ ಇನ್ನೊಂದು ಮಾತು ಹೇಳಿದರು, ನಾನು ಆಗ ಕಿವಿಗೆ ಹಾಕಿಕೊಳ್ಳಲಿಲ್ಲ: "ಹಸಿ ಕಾಳು ಹಗೇವಿಗೆ ಯಾವಾಗ್ಲೂ ಹಾಕ್ತಿರ್ಲಿಲ್ಲ. ಹಾಕಿದ್ರ ಅದು ಹುಳಿ ಬರ್ತಿತ್ತು."

ಚೀಲದ ಜೊತೆಗೆ ನಾವು ಐದು ಮಂದಿ ದುಡ್ಡು ಹಾಕಿ ಒಂದು ತೇವಾಂಶ ನೋಡುವ ಮೀಟರು ತಗೊಂಡೆವು, 6,500 ರೂಪಾಯಿ ಬಿತ್ತು. ಈಗ ಅನ್ನಿಸೋದು, ಎರಡರಲ್ಲಿ ಒಂದೇ ತಗೊಳ್ಳಬೇಕು ಅಂದರೆ ಮೀಟರನ್ನೇ ತಗೊಳ್ಳಿ. ಬೀಜ ಇಡೋದಕ್ಕೆ ನಮ್ಮ ದೇಶದ ಬೀಜ ಪ್ರಮಾಣನ ಮಾನದಂಡದಲ್ಲಿ ಗೋವಿನಜೋಳಕ್ಕೆ ತೇವಾಂಶ 12 ಪ್ರತಿಶತಕ್ಕಿಂತ ಮೇಲೆ ಇರಬಾರದು, ಅದೂ ಗಾಳಿಯಾಡುವ ಮಾಮೂಲಿ ಚೀಲಕ್ಕೆ. ಆವಿಯೂ ಹೋಗದ ಹಾಗೆ ಮುಚ್ಚಿಡೋದಾದರೆ 8 ಪ್ರತಿಶತ. ಅಂದರೆ ಬಿಗಿಯಾಗಿ ಮುಚ್ಚುವವರು ಇನ್ನೂ ಜಾಸ್ತಿ ಒಣಗಿಸಬೇಕು. ಇದು ತುಂಬ ಜನಕ್ಕೆ ಉಲ್ಟಾ ಅನ್ನಿಸುತ್ತದೆ, ನನಗೂ ಅನ್ನಿಸಿತ್ತು. ನಮ್ಮ ಬಿಸಿಲಲ್ಲಿ 8ಕ್ಕೆ ಇಳಿಸೋದು ಕಷ್ಟ. ನಾನು 11ಕ್ಕೆ ತಂದು ಕಟ್ಟಿದೆ, ಹತ್ತು ತಿಂಗಳವರೆಗೆ ನನಗೆ ಅದು ಸಾಕಾಯಿತು. ಎರಡು ಮೂರು ವರ್ಷ ಇಡುವವರು 11ನ್ನು ನಂಬಬೇಡಿ.

ಮೀಟರು ಇಲ್ಲದವರು ಉಪ್ಪಿನ ಪರೀಕ್ಷೆ ಮಾಡುತ್ತಾರೆ. ಒಣ ಗಾಜಿನ ಬಾಟಲಿಯಲ್ಲಿ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಕಾಳು, ಎರಡು ಚಮಚ ಒಣ ಉಪ್ಪು ಹಾಕಿ ಒಂದು ನಿಮಿಷ ಅಲ್ಲಾಡಿಸಿ, ಕಾಲು ಗಂಟೆ ಬಿಟ್ಟು ನೋಡೋದು. ಉಪ್ಪು ಗಾಜಿಗೆ ಅಂಟಿದರೆ ತೇವಾಂಶ 15ಕ್ಕಿಂತ ಮೇಲಿದೆ ಅಂತ ಅರ್ಥ. ಒಳ್ಳೆಯ ಪರೀಕ್ಷೆಯೇ, ಆದರೆ ಉಪ್ಪು ಅಂಟಲಿಲ್ಲ ಅಂದ ಮಾತ್ರಕ್ಕೆ ಬೀಜಕ್ಕೆ ಬೇಕಾದಷ್ಟು ಒಣಗಿದೆ ಅಂತ ಆಗೋದಿಲ್ಲ. 14 ಇದ್ದರೂ ಉಪ್ಪು ಉದುರುತ್ತದೆ. ಹಲ್ಲಿನಲ್ಲಿ ಕಡಿದು ಕಟ್ ಅಂದರೆ ಒಣಗಿದೆ ಅನ್ನೋ ಲೆಕ್ಕವೂ ಅಷ್ಟೇ. ಹಿಂದಿನ ವರ್ಷ ನಾವು ಕಡಿದು ನೋಡಿಯೇ ತುಂಬಿದ್ದೆವು. ಮೀಟರಿನಲ್ಲೂ ಒಂದು ಎಚ್ಚರ ಬೇಕು, ಬಿಸಿಲಿಂದ ತಂದ ಬಿಸಿ ಕಾಳು ಹಾಕಿದರೆ ಅದು ಸರಿ ತೋರಿಸೋದಿಲ್ಲ. ನೆರಳಲ್ಲಿ ಆರಲು ಬಿಟ್ಟು, ರಾಶಿಯ ಮೇಲಿಂದ, ನಡುವಿಂದ, ತಳದಿಂದ ಮೂರು ಸಲ ನೋಡಬೇಕು.

ಕಳೆದ ನವೆಂಬರಿನಲ್ಲಿ ತೆನೆ ಬಂದ ಮೇಲೆ ಅವ್ವ ಪಡಸಾಲೆಯಲ್ಲಿ ಕೂತು ಒಂದೊಂದೇ ತೆನೆ ಸುಲಿದು ಬೇರೆ ಮಾಡಿದಳು. ಇದನ್ನು ಹತ್ತಿರದಿಂದ ನೋಡಬೇಕು. ಕೆಲವು ತೆನೆಯಲ್ಲಿ ಹುಳ ಕೊರೆದ ಕಡೆ ಗುಲಾಬಿ ಬಣ್ಣದ ಹತ್ತಿಯ ಹಾಗೆ ಬೂಷ್ಟು ಇರುತ್ತದೆ. ಕೆಲವು ಕಾಳಿನ ತಲೆಯಿಂದ ಬಿಳಿ ಗೆರೆಗಳು ನಕ್ಷತ್ರ ಬಿಡಿಸಿದ ಹಾಗೆ ಹರಡಿರುತ್ತವೆ. ಇವು ಫ್ಯುಸೇರಿಯಮ್ ಅನ್ನೋ ಇನ್ನೊಂದು ಶಿಲೀಂಧ್ರದ್ದು. ಇದು ಚೀಲದಲ್ಲಿ ಬಂದದ್ದಲ್ಲ, ಹೊಲದಿಂದಲೇ ಬಂದದ್ದು. ಅವ್ವ ಸುಮಾರು ಮೂರು ಬುಟ್ಟಿ ತೆನೆ ತೆಗೆದು ಹಾಕಿದಳು. ಉಳಿದದ್ದರಲ್ಲೂ ತುದಿಯ ಕಾಳು, ಬುಡದ ಕಾಳು ಬಿಟ್ಟು ನಡುವಿನದು ಮಾತ್ರ ಬೀಜಕ್ಕೆ ತಗೊಂಡೆವು. ಮಶೀನಿಗೆ ಹಾಕದೆ ಕೈಯಲ್ಲೇ ಬಿಡಿಸಿದೆವು, ಯಾಕೆಂದರೆ ಮಶೀನಿನಲ್ಲಿ ಕಾಳು ಒಡೆಯುತ್ತದೆ, ಒಡೆದ ಕಾಳಿಗೆ ಬೂಷ್ಟು ಬೇಗ ಹತ್ತುತ್ತದೆ. ನಾಲ್ಕೂವರೆ ಕ್ವಿಂಟಲ್ ಕೈಯಲ್ಲಿ ಬಿಡಿಸೋದು ಸಣ್ಣ ಕೆಲಸ ಅಲ್ಲ, ಮನೆ ಮಂದಿಯೆಲ್ಲ ಎಂಟು ದಿನ ಕೂತೆವು. ತಾಡಪತ್ರಿ ಮೇಲೆ ತೆಳ್ಳಗೆ ಹರವಿ, ಗಂಟೆಗೊಮ್ಮೆ ಕಾಲಾಡಿಸಿ, ಸಂಜೆ ಇಬ್ಬನಿ ಬೀಳೋ ಮೊದಲೇ ಗುಡ್ಡೆ ಮಾಡಿ ಮುಚ್ಚಿಟ್ಟೆವು.

ಆರು ಚೀಲ ಹೀಗೆ 11ರ ಆಸುಪಾಸಿಗೆ ಬಂದ ಮೇಲೆ ತುಂಬಿದ್ದು. ಎರಡು ತಟ್ಟಿನ ಚೀಲವನ್ನೂ ಬೇಕಂತಲೇ ತುಂಬಿಟ್ಟೆ, ಹೋಲಿಸಿ ನೋಡೋಣ ಅಂತ. ಏಳನೆಯ ಗಾಳಿಯಾಡದ ಚೀಲದ ಕತೆ ಬೇರೆ. ಕೊನೆಯ ಐವತ್ತು ಕೆಜಿ ಹರವಿದ್ದಾಗ ಮಳೆ ಬಂತು, ಎರಡು ದಿನ ಬಿಸಿಲಿಲ್ಲ, ಮೂರನೆಯ ದಿನ ಮೀಟರಿನಲ್ಲಿ 15.6 ತೋರಿಸಿತು. ಮದುವೆಗೆ ಹೋಗಬೇಕಿತ್ತು. ಹೇಗೂ ಗಾಳಿ ಹೋಗೋದಿಲ್ಲ, ಬೂಷ್ಟು ಬೆಳೆಯೋದಿಲ್ಲ ಅಲ್ವಾ ಅಂತ ತುಂಬಿ ಕಟ್ಟಿಬಿಟ್ಟೆ.

ಮೇ ಕೊನೆಗೆ ಒಣ ಬೀಜದ ಗಾಳಿಯಾಡದ ಚೀಲ ಒಂದು, ತಟ್ಟಿನ ಚೀಲ ಒಂದು, ಆ ಏಳನೆಯ ಚೀಲ, ಹೀಗೆ ಮೂರನ್ನೂ ಬಿಚ್ಚಿದೆ. ಒಣ ಬೀಜದ ಗಾಳಿಯಾಡದ ಚೀಲದಲ್ಲಿ ತುಂಬಿದ ದಿನದ ವಾಸನೆಯೇ ಇತ್ತು, ಹೊಸ ಕಾಳಿನ ಸಿಹಿ ವಾಸನೆ. ಮೀಟರು 11.2. ತಳದಲ್ಲಿ ಸತ್ತ ನುಶಿ ಹತ್ತು ಹನ್ನೆರಡು ಸಿಕ್ಕವು, ಜೀವಂತ ಒಂದೂ ಇಲ್ಲ. ತಟ್ಟಿನ ಚೀಲದಲ್ಲಿ ನುಶಿ ಓಡಾಡುತ್ತಿದ್ದವು, ಹಿಟ್ಟು ಉದುರುತ್ತಿತ್ತು. ಏಳನೆಯ ಚೀಲದ ಕಟ್ಟು ಬಿಚ್ಚಿದ ಕೂಡಲೇ ಹುಳಿ ಬಂದ ಹಿಟ್ಟಿನ ವಾಸನೆ ಹೊಡೆಯಿತು. ಪ್ಲಾಸ್ಟಿಕ್ಕಿನ ಒಳಮೈಗೆ ಬೆವರಿನ ಹಾಗೆ ನೀರಿನ ಹನಿ. ಕಾಳು ನೋಡೋಕೆ ಕೆಟ್ಟಿರಲಿಲ್ಲ, ಬೂಷ್ಟು ಬಾಯಿಯ ಹತ್ತಿರ ಸ್ವಲ್ಪ ಬಿಟ್ಟರೆ ಎಲ್ಲೂ ಇರಲಿಲ್ಲ, ಸ್ವಲ್ಪ ಕಪ್ಪಗೆ, ಮಿಂಚುತ್ತಾ ಇತ್ತು. ಒಂದು ಕಾಳನ್ನು ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ನೋಡಿದೆ. ಬೀಜದ ಕಣ್ಣು, ಅಂದರೆ ಮೊಳಕೆ ಬರುವ ಭಾಗ, ಹಾಲಿನ ಬಣ್ಣಕ್ಕಿರಬೇಕು, ಅದು ಕಂದು ಬಣ್ಣಕ್ಕೆ ತಿರುಗಿತ್ತು.

ನೂರು ನೂರು ಕಾಳು ಎಣಿಸಿ ಒದ್ದೆ ತಟ್ಟಿನಲ್ಲಿ ಸುತ್ತಿಟ್ಟು ಮೊಳಕೆ ನೋಡಿದೆ, ನಾಲ್ಕನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ. ಒಣ ಬೀಜದ ಗಾಳಿಯಾಡದ ಚೀಲದ್ದು ನೂರಕ್ಕೆ 92. ತಟ್ಟಿನ ಚೀಲದ್ದು 68. ಏಳನೆಯದು 11. ಅವ್ವ ಆ ತಟ್ಟು ಬಿಚ್ಚಿ ನೋಡಿ ಏನೂ ಅನ್ನಲಿಲ್ಲ, ಸುಮ್ಮನೆ ಮಡಿಸಿ ಇಟ್ಟಳು. ಎಂಟು ದಿನ ಬೆರಳು ನೋಯಿಸಿಕೊಂಡು ಬಿಡಿಸಿದ ಬೀಜ ಅದು. ಐವತ್ತು ಕೆಜಿಯನ್ನೂ ತಿಪ್ಪೆಯಲ್ಲಿ ಹೂತು ಹಾಕಿದೆ, ಈ ಸಲ ದನಕ್ಕೆ ಹಾಕಲಿಲ್ಲ.

ಯಾಕೆ ಹೀಗಾಯಿತು ಅಂದರೆ, ಚೀಲಕ್ಕೆ ಒಣಗಿಸೋ ಗುಣ ಇಲ್ಲ. ಒಳಗಿನ ತೇವ ಒಳಗೇ ಉಳಿಯುತ್ತದೆ. ಬೀಜ ಅನ್ನೋದು ಜೀವ ಇರುವ ವಸ್ತು, ಹಸಿ ಇದ್ದಷ್ಟೂ ಜೋರಾಗಿ ಉಸಿರಾಡುತ್ತದೆ. ಗಾಳಿ ಖಾಲಿಯಾದ ಮೇಲೆ ಬೂಷ್ಟು ನಿಲ್ಲುತ್ತದೆ ನಿಜ, ಆದರೆ ಬೀಜವೂ ಉಸಿರು ಕಟ್ಟಿ ಹುಳಿತು ಸಾಯುತ್ತದೆ. ತಿನ್ನೋ ಕಾಳು ಆಗಿದ್ದರೆ ವಾಸನೆ ಬಿಟ್ಟರೆ ಅಷ್ಟು ಗೊತ್ತಾಗುತ್ತಿರಲಿಲ್ಲವೋ ಏನೋ, ಬಿತ್ತೋ ಬೀಜಕ್ಕೆ ಮಾತ್ರ ಅದು ಸಾವು. ಒಣ ಬೀಜ ಆದರೆ ಉಸಿರೇ ನಿಧಾನ. ಬೀಜ ವಿಜ್ಞಾನದಲ್ಲಿ ಒಂದು ಅಂದಾಜು ಲೆಕ್ಕ ಇದೆ, 14ರಿಂದ 5 ಪ್ರತಿಶತದ ನಡುವೆ ತೇವಾಂಶ ಒಂದೊಂದು ಪ್ರತಿಶತ ಇಳಿದ ಹಾಗೂ ಬೀಜದ ಆಯುಷ್ಯ ಎರಡು ಪಟ್ಟಾಗುತ್ತದೆ ಅಂತ. 14ರ ಬೀಜಕ್ಕೂ 11ರ ಬೀಜಕ್ಕೂ ಎಂಟು ಪಟ್ಟು ವ್ಯತ್ಯಾಸ, ಯೋಚನೆ ಮಾಡಿ.

ಇನ್ನೊಂದು ತಟ್ಟಿನ ಚೀಲವನ್ನು ಮಳೆಗಾಲ ಪೂರ್ತಿ ಹಾಗೇ ಬಿಟ್ಟಿದ್ದೆ. ತುಂಬಿದಾಗ 11.4 ಇದ್ದದ್ದು ಆಗಸ್ಟಿಗೆ 14.5. ನೋಡಿ, ಸರಿಯಾಗಿ ಒಣಗಿಸಿದ್ದ ಬೀಜವೇ ಅದು, ಮಳೆಗಾಲದ ಗಾಳಿಯಿಂದ ತೇವ ಎಳೆದುಕೊಂಡಿತು. ನುಶಿಯೂ ಉಸಿರಾಡಿ ಶಾಖ, ತೇವ ಎರಡನ್ನೂ ಬಿಡುತ್ತದೆ, ನುಶಿ ಗುಂಪುಗಟ್ಟಿದ ಕಡೆಯೇ ಬೂಷ್ಟು ಮೊದಲು ಹತ್ತಿತ್ತು. ನಮ್ಮ ಕಡೆ ಜೂನಿನಿಂದ ಸೆಪ್ಟೆಂಬರ್ ದಾಟಿಸಬೇಕಾದ ಬೀಜಕ್ಕೆ ಈ ಚೀಲ ನಿಜವಾಗಿ ಬೇಕಾಗೋದು ಇದಕ್ಕೇ. ಸೆಪ್ಟೆಂಬರಿನಲ್ಲಿ ಬಿಚ್ಚಿದ ಒಣ ಚೀಲದಲ್ಲಿ ಮೊಳಕೆ 88 ಬಂತು.

ಈಗ ದೂರು. ತಂದ ಎಂಟರಲ್ಲಿ ಒಂದರ ಅಂಚಿನ ಬೆಸುಗೆ ಬಿಟ್ಟಿತ್ತು. ಗಾಳಿ ಊದಿ ಬಾಯಿ ಹಿಡಿದು ಒತ್ತಿ ನೋಡಿದ್ದಕ್ಕೆ ಗೊತ್ತಾಯಿತು, ಇಲ್ಲದಿದ್ದರೆ ಅದರಲ್ಲೂ ತುಂಬುತ್ತಿದ್ದೆ. ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಚೀಲದ ಮೇಲೆ ಬರೆದಿರೋದೆಲ್ಲ ಇಂಗ್ಲಿಷು, ಕನ್ನಡದಲ್ಲಿ ಒಂದು ಸಾಲಿಲ್ಲ, ಎಷ್ಟು ಒಣಗಿಸಬೇಕು ಅನ್ನೋ ಮುಖ್ಯವಾದ ಮಾತು ಚಿಕ್ಕ ಅಕ್ಷರದಲ್ಲಿ ಮೂಲೆಯಲ್ಲಿದೆ. ಮಾರುವವರೂ ಹೇಳೋದಿಲ್ಲ. "ಇದರಲ್ಲಿ ಹಾಕಿದರೆ ಬೂಷ್ಟೇ ಬರಲ್ಲ" ಅಂತಷ್ಟೇ ಹೇಳಿ ಮಾರಿದರು, ನಾನು ಏಳನೆಯ ಚೀಲ ಕಟ್ಟುವಾಗ ತಲೆಯಲ್ಲಿದ್ದದ್ದು ಅದೇ ಮಾತು. ಇದನ್ನು ಮಾಡುವ ಕಂಪನಿಗಳು ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ "12ಕ್ಕಿಂತ ಕೆಳಗೆ ಒಣಗಿಸಿ" ಅಂತ ಅಚ್ಚು ಹಾಕಿಸಲೇಬೇಕು.

ಇಲಿಯಿಂದ ರಕ್ಷಣೆ ಇಲ್ಲ. ಒಂದು ಚೀಲಕ್ಕೆ ಇಲಿ ಬೆರಳು ತೂರುವಷ್ಟು ತೂತು ಮಾಡಿತ್ತು. ಆ ತೂತಿನ ಸುತ್ತ ಎರಡು ಸೇರಿನಷ್ಟು ಬೀಜದ ಕಣ್ಣು ನೀಲಿ ಹಸಿರಾಗಿತ್ತು, ಉಳಿದದ್ದರ ಮೊಳಕೆಯೂ 74ಕ್ಕೆ ಇಳಿದಿತ್ತು. ಅಂದರೆ ಬೂಷ್ಟಿನ ಬೀಜಕಣ ಸತ್ತಿರೋದಿಲ್ಲ, ಗಾಳಿ ಸಿಗೋದನ್ನೇ ಕಾಯುತ್ತಾ ಇರುತ್ತದೆ. ಹಾಗೇ ಒಮ್ಮೆ ಕಾಳಿಗೆ ಸೇರಿದ ವಿಷವನ್ನು ಯಾವ ಚೀಲವೂ ತೆಗೆಯೋದಿಲ್ಲ. ಹಲಗೆ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಿ. ಎಳೆದಾಡಬೇಡಿ, ಎತ್ತಿ ಇಡಿ. ಪದೇ ಪದೇ ಬಿಚ್ಚಬೇಡಿ, ಬಿತ್ತೋ ಅಳತೆಗೆ ಸರಿಯಾಗಿ ಬೇರೆ ಬೇರೆ ಚೀಲ ಮಾಡಿಕೊಳ್ಳಿ. ಕಟ್ಟುವಾಗ ಒಂದು ಮೊಳ ಬಾಯಿ ಬಿಟ್ಟು, ಗಾಳಿ ಒತ್ತಿ ತೆಗೆದು, ಹಗ್ಗದ ಹಾಗೆ ತಿರುಚಿ, ಮಡಚಿ, ಮೇಲೆ ಸುತಳಿಯಿಂದ ಬಿಗಿಯಬೇಕು. ಒಬ್ಬರಿಂದ ಆಗೋದಿಲ್ಲ, ಇಬ್ಬರು ಬೇಕು.

ದುಡ್ಡಿನ ಲೆಕ್ಕ ಕೇಳುವವರಿಗೆ: ಹಿಂದಿನ ವರ್ಷ ಬೀಜ ಕೆಟ್ಟಾಗ ಕೆಜಿಗೆ 80 ರೂಪಾಯಿಯಂತೆ ಹೊರಗೆ ತಂದಿದ್ದೆ, ಒಂದು ಚೀಲ ಬೀಜಕ್ಕೆ 4,000. ಅದನ್ನು ಉಳಿಸೋ ಚೀಲಕ್ಕೆ 180. ತೂತಾಗದಿದ್ದರೆ ಇನ್ನೊಂದು ವರ್ಷಕ್ಕೂ ಬರುತ್ತದೆ. ಆದರೆ ಎಪಿಎಂಸಿಗೆ ಹಾಕುವ ಕಾಳಿಗೆ ಇದು ಬೇಡ, ಆ ಖರ್ಚು ಗಿಟ್ಟೋದಿಲ್ಲ. ಹೈಬ್ರಿಡ್ ಬೆಳೆದು ಅದರ ಕಾಳನ್ನೇ ಬೀಜಕ್ಕೆ ಇಡಬಹುದಾ ಅಂತ ಇಬ್ಬರು ಮೂವರು ಕೇಳಿದ್ದಾರೆ. ಇಡಬೇಡಿ, ಎಷ್ಟು ಚೆನ್ನಾಗಿ ಇಟ್ಟರೂ ಮುಂದಿನ ಬೆಳೆ ಒಂದೊಂದು ಗಿಡ ಒಂದೊಂದು ಥರ ಬಂದು ಇಳುವರಿ ಬೀಳುತ್ತದೆ. ಗುಳಿಗೆ ಇಡುವವರೂ ಇದ್ದಾರೆ. ಅದು ಹುಳಕ್ಕೆ ಮಾತ್ರ, ಬೂಷ್ಟಿಗೆ ಏನೂ ಮಾಡೋದಿಲ್ಲ, ಮತ್ತೆ ಜನ ಮಲಗುವ ಮನೆಯೊಳಗೆ ಆ ಗುಳಿಗೆಯ ಹೊಗೆ ಪ್ರಾಣಕ್ಕೇ ಅಪಾಯ. ಬಿತ್ತುವ ಮುಂಚೆ ಕೆಜಿಗೆ 2ರಿಂದ 3 ಗ್ರಾಂ ಥೈರಾಮ್ ಅಥವಾ ಕ್ಯಾಪ್ಟಾನ್ ಹಚ್ಚೋದನ್ನು ನಾನು ಬಿಟ್ಟಿಲ್ಲ, ಹೊಲದ ಮಣ್ಣಲ್ಲಿ ಕಾಯುವ ಬೂಷ್ಟಿಗೆ ಅದು ಬೇಕು. ತುಂಬುವಾಗಲೇ ಹಚ್ಚಿಟ್ಟರೆ ಉಳಿದ ಬೀಜ ತಿನ್ನೋಕೂ ಬರೋದಿಲ್ಲ, ದನಕ್ಕೂ ಬರೋದಿಲ್ಲ, ಅದಕ್ಕೆ ಬಿತ್ತೋ ದಿನವೇ ಹಚ್ಚುತ್ತೇನೆ. ರಾಣೇಬೆನ್ನೂರು ಕಡೆಯವರಿಗೆ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಗದಗಿನವರಿಗೆ ಹುಲಕೋಟಿ. ಅನುಮಾನ ಇದ್ದರೆ ಒಂದು ಹಿಡಿ ಬೀಜ ತಗೊಂಡು ಹೋಗಿ ತೋರಿಸಿ.

ಈ ವರ್ಷಕ್ಕೆ ಹಳೆಯ ಐದು ಚೀಲ ಊದಿ ನೋಡಿ ಇಟ್ಟಿದ್ದೇನೆ, ಹೊಸದು ಆರು ತಂದೆ. ಎರಡು ಅವ್ವನಿಗೆ, ಬಿಳಿಜೋಳ ಇಡೋದಕ್ಕೆ ಬೇಕಂತೆ. ಚಿತ್ತಿ ಮಳೆ ಇನ್ನೂ ಬಿಟ್ಟಿಲ್ಲ, ತೆನೆ ಗಿಡದಲ್ಲೇ ಇದೆ. ಮೀಟರಿನ ಸೆಲ್ಲು ಬದಲಿಸಿಟ್ಟಿದ್ದೇನೆ.